ಮುಕುಟದಲ್ಲಿದ್ದ ಹೆಬ್ಬೆರಳಷ್ಟು ಬುದ್ಧ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಹಾಗೇ ಎದ್ದಿದ್ದೇನೆ. ಅತ್ತಿ ಬದುಕಿದ್ದಾಗ ಹೇಳಿದ್ದರೆ ಅದಕ್ಕೊಂದು ಅರ್ಥವಿತ್ತು.

ಅತ್ತಿ ಎಂದರೆ ನಮ್ಮಪ್ಪನ ತಂಗಿ. ಸಣ್ಣ ವಯಸ್ಸಿಗೇ ಗಂಡ ಸತ್ತು, ಯಲಬುರ್ಗಾ ಕಡೆಯ ನಮ್ಮ ಊರಿಗೆ ವಾಪಸ್ಸು ಬಂದಾಕೆ. ಊರ ಹೊರಗಿನ ಹಳೆಯ ಕಲ್ಲುಗುಡಿಯಲ್ಲಿ ದ್ಯಾಮವ್ವನ ಮೈ ಒರೆಸಿ ದೀಪ ಹಚ್ಚುವುದು ಆಕೆಯ ಕೆಲಸ. ಆಕೆಯದು ಎನ್ನುವಂಥದ್ದು ಬೇರೇನೂ ಇರಲಿಲ್ಲ. ಗುಡಿಯ ಕೀಲಿ ಸದಾ ಸೆರಗಿನ ಗಂಟಿನಲ್ಲಿರುತ್ತಿತ್ತು.

ಒಮ್ಮೆ ಕೊಪ್ಪಳದಿಂದ ಇತಿಹಾಸದ ಮಾಸ್ತರರೊಬ್ಬರು ಬಂದರು. ಮೂರ್ತಿಯ ಮುಕುಟದಲ್ಲಿ ಹೆಬ್ಬೆರಳಷ್ಟು ಎತ್ತರದ, ಕಾಲು ಮಡಚಿ ಕೂತ ಬುದ್ಧನನ್ನು ತೋರಿಸಿ, ಈಕೆ ಬೌದ್ಧರ ತಾರಾದೇವಿ ಎಂದರು. ಅಶೋಕ ಕೊಪ್ಪಳದ ಬಂಡೆಯ ಮೇಲೆ ಬರೆಸಿ ಸಾವಿರ ವರ್ಷ ಕಳೆದ ಮೇಲೆ, ಚಾಲುಕ್ಯರ ಕಾಲದಲ್ಲೂ ಈ ಸೀಮೆಯಲ್ಲಿ ಬೌದ್ಧರಿದ್ದರಂತೆ. ಡಂಬಳದಲ್ಲಿ ವ್ಯಾಪಾರಸ್ಥರೇ ವಿಹಾರ ಕಟ್ಟಿಸಿದ್ದರಂತೆ. ನೀರಿನ ಭಯ, ಕಳ್ಳರ ಭಯ, ಸೆರೆಯ ಭಯ ದಾಟಿಸುವಾಕೆ ತಾರೆ.

ಅತ್ತಿ ಅಂದಳು: "ಇಷ್ಟ ದಿನ ದ್ಯಾಮವ್ವ ಅಂದ್ರ ಓ ಅಂದಾಳ್ರಿ ಸರ. ನಾಳಿಂದ ಎರಡೂ ಹೆಸರೀಲೆ ಕರೀತೀನಿ."

ಮಾಸ್ತರರು ತೆಗೆದ ಫೋಟೋದಲ್ಲಿ ಎಣ್ಣೆಯ ಹೊಳಪು ಬಿಟ್ಟು ಏನೂ ಕಾಣಲಿಲ್ಲ. ಪುರಾತತ್ವ ಇಲಾಖೆಯ ಅಧಿಕಾರಿಗಳನ್ನು ಕರೆತರುವೆನೆಂದು ಹೋದರು.

ನಾನು ಗುಡಿ ಕಮಿಟಿಯ ಅಧ್ಯಕ್ಷ. ಹಳೆಯದನ್ನು ಕೆಡವಿ ಸಿಮೆಂಟಿನ ಗುಡಿ ಕಟ್ಟುವುದು ನಿಶ್ಚಯವಾಗಿತ್ತು. ಬಾಗಿಲ ಮೇಲೆ ನನ್ನ ಹೆಸರು ಬರುವುದೂ ನಿಶ್ಚಯವಾಗಿತ್ತು. ಸರ್ಕಾರ ಕೈಹಾಕಿದರೆ ಒಂದು ಇಟ್ಟಂಗಿ ಇಡಲೂ ಬಿಡುವುದಿಲ್ಲ.

ಒಂದು ಮಧ್ಯಾಹ್ನ, ಅತ್ತಿ ಕೀಲಿ ಹಾಕದೆ ಬಾಗಿಲು ಬರೇ ಮುಂದೆಳೆದು ಉಣ್ಣಲು ಹೋದಾಗ, ಕುಡಗೋಲು ಮಸೆಯುವ ಕಲ್ಲು ತಂದು ಆ ಬುದ್ಧನನ್ನು ಉಜ್ಜಿದೆ. ಮೆದು ಕಲ್ಲು. ಮೊದಲು ಮುಖ ಹೋಯಿತು, ಆಮೇಲೆ ಎದೆ, ಕಡೆಗೆ ಮಡಚಿದ ಕಾಲು. ಮೇಲೆ ದೀಪದ ಮಸಿ, ಎಣ್ಣೆ ಬಳಿದೆ. ಪೊರೆ ಬಂದ ಅತ್ತಿಯ ಕಣ್ಣಿಗೆ ಅದು ಕಾಣಲಿಲ್ಲ.

"ಅವ್ವನ ನೆತ್ತಿ ಯಾಕೋ ನುಣ್ಣಗಾಗೇತಪ್ಪಾ" ಎಂದಳು ಒಂದು ದಿನ.

"ಆಕಿಗೂ ವಯಸ್ಸಾತಲ್ಲ ಅತ್ತಿ" ಎಂದೆ.

ಅಧಿಕಾರಿಗಳ ಜೊತೆ ಬಂದ ಮಾಸ್ತರರು ಮುಕುಟ ಮುಟ್ಟಿ ಬೆಚ್ಚಿದರು. "ಯಾರ್ರೀ ಇದನ್ನ ಮಾಡಿದ್ದು?"

ಊರೆಲ್ಲ ನೆರೆದಿತ್ತು. ನಾನು ಅತ್ತಿಯ ಕಡೆ ಕೈ ಮಾಡಿದೆ. "ಈಕಿನ್ರಿ. ದಿನಾ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕತಾಳ."

"ಹಿತ್ತಾಳಿ ಕೊಡಾ ಅಂತ ತಿಳದಾಳ ಮುದುಕಿ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಬರೇ ಹಸಿ ಬಟ್ಟಿಲೇ ಒರಸ್ತೀನೋ ಅಪ್ಪಾ. ನೀನ ನೋಡೀಯಲ್ಲ, ಅವರಿಗೆ ಹೇಳು."

"ನಿನಗ ಕಣ್ಣ ಕಾಣ್ಸೂದಿಲ್ಲ. ಏನ್ ಹಚ್ಚಿ ತಿಕ್ಕೀಯೋ, ನಿನಗರ ಏನ್ ಗೊತ್ತು?" ಎಂದೆ.

ಅಷ್ಟು ಜನರೆದುರು ಸೆರಗಿನ ಗಂಟು ಬಿಚ್ಚಿ ಕೀಲಿ ಕಿತ್ತುಕೊಂಡೆ. ಇನ್ನು ಗುಡಿಯ ಮೆಟ್ಟಿಲು ಹತ್ತಕೂಡದು ಎಂದೆ. ಸಾಕ್ಷಿ ಇಲ್ಲದ ಗುಡಿಯನ್ನು ಸರ್ಕಾರ ಕೇಳಲಿಲ್ಲ. ನಾವು ಕೆಡವಿ ಕಟ್ಟಿ, ಅದೇ ಮೂರ್ತಿಯನ್ನು ಹೊಸ ಗುಡಿಯಲ್ಲಿ ಕೂರಿಸಿದೆವು.

ಅತ್ತಿ ಜಗಳ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಳ್ಳುತ್ತಿದ್ದಳು. ಹಾಸಿಗೆ ಹಿಡಿದಾಗ ನನ್ನನ್ನು ಕರೆದಳು.

"ನೀ ಅಂದದ್ದ ಖರೆ ಇರಬೇಕು. ನನ್ನ ಕೈಲೇ ಸವದಾನ ಅವ್ವನ ನೆತ್ತಿ ಮ್ಯಾಲಿನ ಕೂಸು. ನನ್ನನ್ನಂತೂ ಒಳಗ ಬಿಡೂದಿಲ್ಲ. ನೀನರ ಹೋಗಿ ಆಕಿಗೆ ಹೇಳೋ, ಮುದುಕಿದು ತಪ್ಪಾತು ಅಂತ."

ಹೋದೆ. ದೀಪ ಹಚ್ಚಿ, ಮುಕುಟದ ಆ ನುಣುಪು ಜಾಗ ನೋಡುತ್ತ, ಅತ್ತಿಯದು ತಪ್ಪಾಯಿತು ಎಂದು ಕೈಮುಗಿದೆ. ಮನೆಗೆ ಬಂದು "ಹೇಳೀನಿ" ಎಂದೆ. ಆಕೆ ಕಣ್ಣೀರು ಒರೆಸಿಕೊಂಡು ನನ್ನ ತಲೆ ಸವರಿದಳು.

ಆಗಲೂ ನಾನು ಬಾಯಿ ಬಿಡಲಿಲ್ಲ. ತಪ್ಪಾಯಿತು ಎಂದು ಆ ಮೂರ್ತಿಗೆ ಹೇಳಿದ ಮಾತನ್ನು ನಾನು ಹೇಳಬೇಕಾಗಿದ್ದದ್ದು ಅತ್ತಿಗೆ.