ಮನೀ ತನಕ ಹೋದ ಗುಪ್ತ ಮತದಾನದ ಪಾಠ

ದೋಸ್ತರೇ, ಇವತ್ತು ಒಂಬತ್ತನೇ ಕ್ಲಾಸಿಗೆ ಪಾಠ ಮಾಡಾಕತ್ತಿದ್ದೆ. ಕೊಡ್ಲಿ ಊರಿಂದ ಬರೋ ಒಬ್ಬ ಹುಡುಗಿಯ ಅಪ್ಪ ಸೀದಾ ಒಳಗ ಬಂದು ನಿಂತ್ರು.

"ಏನ್ ಕಲಿಸಾಕತ್ತೀರಿ ಟೀಚರ್? ನಮ್ಮನಿ ಓಟೆಲ್ಲಾ ನಾ ಹೇಳ್ದ ಕಡಿ ಬೀಳ್ತಾವ. ನಿನ್ನಿ ನನ್ನ ಹೆಂಡ್ತಿ, ಯಾರಿಗೆ ಹಾಕ್ತೀನಂತ ಹೇಳಲ್ಲ ಅಂದಳು. ಮಗಳು ಕಲಿಸ್ಯಾಳಂತ."

ಹೋದ ವಾರ ಕ್ಲಾಸಿನ್ಯಾಗ ರಟ್ಟಿನ ಡಬ್ಬಿ ಇಟ್ಟು, ಲೀಡರ್ ಎಲೆಕ್ಷನ್ ಮಾಡ್ಸಿ, ಗುಪ್ತ ಮತದಾನ ಹೇಳಿಕೊಟ್ಟಿದ್ದೆ. ಹುಡುಗಿ ತಲಿ ತಗ್ಗಿಸಿ ಕುಂತಿದ್ದಳು.

"ಪುಸ್ತಕದಾಗ ಇದ್ದದ್ದೇ ಕಲಿಸೀನ್ರಿ," ಅಂದೆ.

ಪುಸ್ತಕ ಕಸಗೊಂಡು ಓದಿದ್ರು. ಬಾಗಿಲ ತನಕ ಹೋದವರು ತಿರುಗಿ, ದನಿ ಇಳಿಸಿ ಕೇಳಿದ್ರು: "ಹಂಗಾರ ಹೋದ ಸಲ ನಿಮ್ಮವ್ವ ಯಾರಿಗೆ ಹಾಕ್ಯಾಳ?"

ಹುಡುಗಿ ತಲಿ ಎತ್ತಲಿಲ್ಲ. "ಅದೂ ಕೇಳಂಗಿಲ್ಲಪ್ಪಾ," ಅಂದಳು.

ಸೋಮವಾರ ಈ ಪಾಠದ ಟೆಸ್ಟ್ ಅದ. ಆಕಿಗಿ ಟೆಸ್ಟ್ ಮಾಫ್ ಮಾಡೀನಿ.