ಮೇಷ್ಟ್ರ ಮಡಚುವ ಕ್ಯಾಮೆರಾ

ವಿಜಯನಗರದಲ್ಲಿ ನಾವಿದ್ದ ವಠಾರದ ಕೊನೇ ಮನೆಯಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರಿದ್ದರು. ಏನು ಕೇಳಿದರೂ ಕನ್ನಡಕ ಒರೆಸುತ್ತಾ "ನೋಡೋಣ, ಅವಸರ ಏನು" ಅನ್ನುತ್ತಿದ್ದರು. ಹೆಂಡತಿ ತೀರಿಕೊಂಡ ವರ್ಷ ಅವರ ಹಳೇ ಮಡಚುವ ಕ್ಯಾಮೆರಾ ಅಟ್ಟದಿಂದ ಬಿತ್ತು. ಲೆನ್ಸಿನ ಹಿಂದಿನ ಮಡಿಕೆ ಮಡಿಕೆಯ ಚರ್ಮ ಹರಿದು, ಮುಚ್ಚಳ ಸೊಟ್ಟಗಾಯಿತು.

ರಾಜಾಜಿನಗರದ ರಿಪೇರಿ ಅಂಗಡಿಗೆ ನಾನೂ ಜೊತೆಗೆ ಹೋದೆ. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು, "ತೇಪೆ ಹಾಕಿ ಕೊಡ್ತೀನಿ ಸಾರ್. ಆದ್ರೆ ಮೊದಲಿನ ಹಾಗೆ ಬರಲ್ಲ, ಹೊಸದೇ ತಗೊಂಡುಬಿಡಿ" ಎಂದ.

ಅವತ್ತು ಮೇಷ್ಟ್ರು ನೋಡೋಣ ಅನ್ನಲಿಲ್ಲ. "ಹೊಸದು ತಗೊಂಡು ಯಾರ ಫೋಟೋ ತೆಗೀಲಪ್ಪಾ? ಇದನ್ನೇ ಸರಿ ಮಾಡು" ಎಂದರು.

ಕ್ಯಾಮೆರಾ ವಾಪಸು ಬಂದ ಭಾನುವಾರ ನಮ್ಮ ಬಾಗಿಲು ತಟ್ಟಿದರು. "ನಂದೊಂದು ಫೋಟೋ ತೆಗೀತೀರಾ? ಇಷ್ಟು ವರ್ಷ ಅವಳನ್ನ ನಿಲ್ಲಿಸಿ ನಾನೇ ತೆಗೀತಿದ್ದೆ. ಒಂದರಲ್ಲೂ ನಾನಿಲ್ಲ."

ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ತಮ್ಮ ಬಾಗಿಲ ಮುಂದೆ ಒಂದು ಪಕ್ಕಕ್ಕೆ ನಿಂತರು.

"ಸ್ವಲ್ಪ ಮಧ್ಯಕ್ಕೆ ಬನ್ನಿ ಮೇಷ್ಟ್ರೇ" ಎಂದೆ.

ಅವರು ಪಕ್ಕದ ಖಾಲಿ ಜಾಗದ ಕಡೆ ಒಮ್ಮೆ ನೋಡಿದರು. "ಇರ್ಲಿ, ಹೀಗೇ ತೆಗೀರಿ."

ಅವರನ್ನೂ ಆ ಜಾಗವನ್ನೂ ಸೇರಿಸಿಕೊಂಡು ಗುಂಡಿ ಒತ್ತಿದೆ.