ಮೇಲಿನ ಖರ್ಚಿನಲ್ಲಿ ಒಬ್ಬ ನಾದಿನಿ

"ಹೆಬ್ಬಟ್ಟು ಇಲ್ಲಿ ಇಡಬೇಕ್ರಿ," ಎಂದ ನರಗುಂದದ ಸಬ್ ರಿಜಿಸ್ಟ್ರಾರ್ ಆಫೀಸಿನ ಕಂಪ್ಯೂಟರಿನವನು. ದಾವಲಬಿ ಇಡಲಿಲ್ಲ. ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟಳು.

ನಾನು ಎದ್ದು ನಿಂತೆ.

ಹೋದ ಮಳೆಗಾಲದ ಮಾತು. ದಾವಲಬಿ ಯಾರು ಅಂತೀರಾ? ನಾನು ಕೊಳ್ಳಲು ಹೊರಟಿದ್ದ ಮನೆಯ ಮಾಲೀಕ ಮಕ್ತುಮಸಾಬರ ತಂಗಿ. ಕೊಣ್ಣೂರಿಗೆ ಕೊಟ್ಟ ಹೆಣ್ಣುಮಗಳು. ಮನೆ ಅವರಪ್ಪನದು. ಹೀಗಾಗಿ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಅಣ್ಣನ ಹೆಸರಿನ ಕೆಳಗೆ ಆಕೆಯ ಹೆಸರೂ ಇತ್ತು. ಆಕೆ ಒಪ್ಪದಿದ್ದರೆ ಖರೀದಿ ಇಲ್ಲ.

ನಾನೋ, ಮದುವೆಯಾದಾಗಿನಿಂದ ಒಂದು ಮೊಳೆ ಹೊಡೆಯಲೂ ಬಾಡಿಗೆ ಮನೆಯವರ ಅಪ್ಪಣೆ ಕೇಳಿದವನು. ಇದ್ದ ಮನೆ ಬಿಡುತ್ತೇವೆಂದು ಹೇಳಿಯೂ ಆಗಿತ್ತು. ಹಿಂದಿನ ವಾರ ಹೊಳೆ ಬಂದು, ಕೊಣ್ಣೂರಿನ ಸೇತುವೆ ಮುಳುಗಿ, ರಿಜಿಸ್ಟ್ರಿ ಮುಂದಕ್ಕೆ ಹೋಗಿತ್ತು. ಈಗ ನೀರು ಇಳಿದು ದಾವಲಬಿ ಬಂದರೆ, ಬೆರಳು ಬರುತ್ತಿಲ್ಲ!

ಅಲ್ಲಿಯವರೆಗೆ ನಾನು ಹೈರಾಣಾಗಿದ್ದು ಮೇಲಿನ ಖರ್ಚಿನಿಂದ. ಮನೆ ಕೊಳ್ಳುವವರೇ, ಸ್ವಲ್ಪ ಕೇಳಿ. ಮಾತಾಡಿದ ಬೆಲೆ ಎಂಬುದು ಬರೀ ಪೀಠಿಕೆ. ಅದರ ಮೇಲೆ ಸ್ಟ್ಯಾಂಪ್ ಡ್ಯೂಟಿ. ಕೊಳ್ಳುವವನೇ ಕಟ್ಟಬೇಕು. ನೋಂದಣಿ ಫೀ ಬೇರೆ. ಮನೆಯ ಮೇಲೆ ಹಳೆಯ ಸಾಲದ ಬೋಜಾ ಇಲ್ಲವೆಂಬ ಸರ್ಟಿಫಿಕೇಟಿಗೆ ಬೇರೆ. ಖರೀದಿ ಪತ್ರ ಬರೆಯುವ ಬಾಂಡ್ ರೈಟರಿಗೆ ಬೇರೆ. ದಲಾಲಿ ಮಾಡಿದವರು ಎರಡೂ ಕಡೆ ತೆಗೆದುಕೊಂಡು, ಇಬ್ಬರಿಗೂ "ನಿಮ್ಮ ಸಲುವಾಗಿ ಕಡಿಮಿ ಮಾಡೇನ್ರಿ" ಎಂದರು. ಮನೆಪಟ್ಟಿ ಎಂಬ ತೆರಿಗೆಯ ಹಳೆ ಬಾಕಿ ಮಾರುವವನದು, ಪುರಸಭೆಯಲ್ಲಿ ಖಾತೆ ಬದಲಿಸುವ ಖರ್ಚು ಕೊಳ್ಳುವವನದು. ಇದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಜಗಳ ಪುಕ್ಕಟೆ. (ಸಾಕ್ಷಿಗೆ ಬಂದವರ ಮಿರ್ಚಿ-ಚಹಾ ಯಾವ ರಸೀದಿಯಲ್ಲೂ ಇರುವುದಿಲ್ಲ. ತಪ್ಪಿಸಿದವರೂ ಇಲ್ಲ.)

ಒಂದೊಂದು ಖರ್ಚು ಬಂದಾಗಲೂ ನನ್ನ ಹೆಂಡತಿ ಶಾಂತಾ, "ಇದೊಂದ ಎಲ್ಲಿಂದ ಬಂತ್ರಿ ಮತ್ತ?" ಎಂದು ನಾನೇ ಕಾನೂನು ಮಾಡಿದವನಂತೆ ವಿಚಾರಿಸುತ್ತಿದ್ದಳು. ಆದರೆ ಪದ್ಧತಿ ಮರೆತಿರಲಿಲ್ಲ. ಮನೆಮಗಳು ಹಕ್ಕು ಬಿಟ್ಟುಕೊಡುವಾಗ ಕೊಂಡವರು ಸೀರೆ ಕೊಡಬೇಕು. ಹಸಿರು ಇಳಕಲ್ ಸೀರೆ ಶಾಂತಾಳ ಚೀಲದಲ್ಲಿತ್ತು.

"ಯಾಕವಾ, ರೊಕ್ಕ ಕಡಿಮಿ ಬಿತ್ತೇನು?" ಎಂದು ಬೆಂಚಿನ ಮೇಲಿದ್ದ ದಾವಲಬಿಯನ್ನು ಕೇಳಿದರು ಬಾಂಡ್ ರೈಟರ್.

ಮಕ್ತುಮಸಾಬರ ಮುಖ ಕೆಂಪಾಯಿತು. "ಆಕಿ ಪಾಲು ಪೂರಾ ಕೊಟ್ಟೇನ್ರಿ, ಅಲ್ಲಾನ ಆಣಿ!" ಎಂದರು. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಇನ್ನೊಂದಿಷ್ಟು ಕೇಳುತ್ತಾಳೆ ಎಂದೇ ಎಲ್ಲರ ಲೆಕ್ಕ.

"ರೊಕ್ಕ ಮುಟ್ಟೈತ್ರಿ," ಎಂದಳು ದಾವಲಬಿ. "ಅವ್ವ-ಅಪ್ಪ ಹೋದ್ರು. ಅಣ್ಣ ಗಜೇಂದ್ರಗಡದಾಗ ಅಂಗಡಿ ಹಿಂದ ಒಂದ ಖೋಲ್ಯಾಗ ಇರ್ತಾನ. ಈಗ ಬಟ್ಟ ಒತ್ತಿದೆ ಅಂದ್ರ, ಅತ್ತಿಮನ್ಯಾಗ 'ತವರಿಗೆ ಹೋಗಿ ಬರ್ತೇನಿ' ಅಂತ ಹೇಳಿ ನಾ ಯಾವ ಊರ ಬಸ್ ಹತ್ತಲ್ರಿ?"

ಬಾಂಡ್ ರೈಟರ್ ಪೆನ್ನಿನ ಮುಚ್ಚಳ ಹಾಕಿದರು. ಮಕ್ತುಮಸಾಬರು ಕಿಟಕಿಯ ಕಡೆ ತಿರುಗಿ ಟವೆಲಿನಿಂದ ಮುಖ ಒರೆಸಿಕೊಂಡರು.

ಶಾಂತಾ ಎದ್ದು ಹೋಗಿ ಆಕೆಯ ಪಕ್ಕ ಕೂತಳು. ಸೀರೆ ಉಡಿಗೆ ಹಾಕಿ, "ನರಗುಂದದ ಬಸ್ಸ ಹತ್ತವಾ. ಆ ಮನ್ಯಾಗ ನಾ ಇರ್ತೇನಲ್ಲ? ವರ್ಷಕ್ಕೊಮ್ಮಿ ಬಾ, ಮಕ್ಕಳ್ನ ಕರ್ಕೊಂಡ ಬಾ," ಎಂದಳು.

ನನ್ನನ್ನು ಒಂದು ಮಾತು ಕೇಳಿದಳೇ? ಊಹೂಂ.

ದಾವಲಬಿ ಆಕೆಯ ಮುಖವನ್ನೇ ನೋಡಿದಳು. "ಖರೇ ಅಂತೀರೇನ್ರಿ, ವೈನಿ?" ಎಂದಳು, ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ.

"ಖರೇನ ಅಂತೇನಿ."

ಬೆರಳು ಹೊರಬಂತು. ಮನೆ ನಮ್ಮದಾಯಿತು.

ಆಫೀಸಿನಲ್ಲಿ ಆಡಿದ ಬಾಯಿಮಾತು, ಯಾರು ನೆನಪಿಡುತ್ತಾರೆ ಅಂದುಕೊಂಡಿದ್ದೆ. ದಾವಲಬಿ ನೆನಪಿಟ್ಟಿದ್ದಳು. ಈ ಬೇಸಿಗೆ ರಜೆಗೆ ಮಕ್ಕಳನ್ನೂ ಒಂದು ಚೀಲ ಬದನೆಕಾಯಿಯನ್ನೂ ಕಟ್ಟಿಕೊಂಡು ಬಂದೇಬಿಟ್ಟಳು. ಬಂದವಳೇ ಹಿತ್ತಲಿಗೆ ಹೋಗಿ, "ಯಾರ್ರೀ ಅಣ್ಣಾರ, ಕರಿಬೇವು ಹಿಂಗ ಕಡದವ್ರು?" ಎಂದು ನನ್ನನ್ನೇ ಗದರಿಸಿದಳು. ಪಡಸಾಲೆಗೆ ಹೊಡೆಸಿದ ನೀಲಿ ಬಣ್ಣ ಆಕೆಗೆ ಹಿಡಿಸಲಿಲ್ಲ. ಮನೆ ನನ್ನದು, ಬಣ್ಣ ನನ್ನದು, ಆದರೂ ಕಳ್ಳನಂತೆ ನಿಂತಿದ್ದು ನಾನು! ಮಳೆಗೆ ಯಾವ ಮೂಲೆ ಸೋರುತ್ತದೆ ಎಂಬುದನ್ನೂ ತೋರಿಸಿದಳು. (ಮಾರುವಾಗ ಅಣ್ಣ ಅದನ್ನು ಹೇಳಿರಲಿಲ್ಲ.) ವಾರವಿಡೀ ಅಡುಗೆಮನೆಯಲ್ಲಿ ಅವಳದೂ ಶಾಂತಾಳದೂ ಮಾತೇ ಮಾತು, ನಗೆಯೇ ನಗೆ. ಅಷ್ಟು ಸಂತೋಷ ಆ ಮನೆಯಲ್ಲಿ ನನಗೆ ಮೊದಲು ಆಗಿರಲಿಲ್ಲ. ಹೇಳಲು ನಾಚಿಕೆ ಏನು?

ಮೊನ್ನೆ ಬಸ್ಸಿಗೆ ಹತ್ತಿಸಿ ಬಂದೆವು. ಹೊರಡುವಾಗ ಶಾಂತಾ ಮತ್ತೊಂದು ಸೀರೆ ಕೊಟ್ಟಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ? "ಅಲ್ಲ, ಖರೀದಿ ದಿನ ಒಮ್ಮೆ ಕೊಟ್ಟಿದ್ದು ಮುಗೀತಲ್ಲ, ಇದು ವರ್ಷಾ ವರ್ಷಾ ಇರ್ತದೇನು?" ಎಂದೆ.

ಶಾಂತಾ ನಡುರಸ್ತೆಯಲ್ಲೇ ನಿಂತಳು.

"ಮಕ್ತುಮಸಾಬ್ರು ಮನಿ ಮಾರ್ಯಾರ್ರಿ. ತವರ ಮಾರ್ಯಾರೇನು?"